ಹಡಗಿನ ಕಥೆಯಲ್ಲಿ ಇಲ್ಲದ ಮೂರು ವರ್ಷಗಳು

ನೀವು ಭೌತವಿಜ್ಞಾನದ ಅಧ್ಯಾಪಕರಾಗಿದ್ದರೆ ಈ ಕಥೆಯನ್ನು ತರಗತಿಯಲ್ಲಿ ಒಮ್ಮೆಯಾದರೂ ಹೇಳಿರುತ್ತೀರಿ, ವಿದ್ಯಾರ್ಥಿಯಾಗಿದ್ದರೆ ಕೇಳಿರುತ್ತೀರಿ. 1930ರ ಜುಲೈ 31ರಂದು ಮುಂಬಯಿ ಬಂದರಿನಿಂದ ‘ಪಿಲ್ಸ್ನಾ’ ಎಂಬ ಹಡಗು ವೆನಿಸ್ ಕಡೆಗೆ ಹೊರಡುತ್ತದೆ. ಅದರಲ್ಲಿ ಉಚ್ಚ ವ್ಯಾಸಂಗಕ್ಕಾಗಿ ಇಂಗ್ಲೆಂಡಿಗೆ ಹೊರಟ ಹತ್ತೊಂಬತ್ತು ವರ್ಷದ ತರುಣ, ಸುಬ್ರಹ್ಮಣ್ಯನ್ ಚಂದ್ರಶೇಖರ್. ಪ್ರಯಾಣದ ಬೇಸರ ಕಳೆಯಲು ಕಾಗದ, ಪೆನ್ಸಿಲು ಹಿಡಿದು ಲೆಕ್ಕ ಮಾಡುತ್ತಾನೆ. ಶ್ವೇತಕುಬ್ಜ ನಕ್ಷತ್ರದ ದ್ರವ್ಯರಾಶಿಗೆ ಒಂದು ಮೇಲ್ಮಿತಿ ಇದೆ ಎಂದು ಕಂಡುಕೊಳ್ಳುತ್ತಾನೆ. ಐವತ್ತಮೂರು ವರ್ಷಗಳ ಬಳಿಕ, 1983ರಲ್ಲಿ, ನೊಬೆಲ್ ಪಾರಿತೋಷಕ. ಅಷ್ಟರಲ್ಲಿ ಪೀರಿಯಡ್ ಮುಗಿದ ಗಂಟೆ ಹೊಡೆಯುತ್ತದೆ.

ನಾನೂ ಸುಮಾರು ಇಪ್ಪತ್ತೈದು ವರ್ಷಗಳಿಂದ ಈ ಕಥೆಯನ್ನು ಹೀಗೆಯೇ ಹೇಳುತ್ತ ಬಂದಿದ್ದೆ. ಡಿಸೆಂಬರ್ ಬಂತೆಂದರೆ ವಿದೇಶಕ್ಕೆ ಅರ್ಜಿ ಹಾಕುವ ಎಂ.ಎಸ್ಸಿ. ಹುಡುಗರು ಶಿಫಾರಸು ಪತ್ರಕ್ಕಾಗಿ ನನ್ನ ಕೊಠಡಿಗೆ ಬರುತ್ತಾರೆ. ‘ಎಸ್.ಓ.ಪಿ.’ ಎಂದು ಅವರು ಕರೆಯುವ ಒಂದೆರಡು ಪುಟಗಳ ಬರೆಹವನ್ನೂ ತಿದ್ದಿ ಕೊಡಬೇಕು. ಅವುಗಳಲ್ಲಿ ಎಷ್ಟೋ ಬರೆಹಗಳ ಮೊದಲ ವಾಕ್ಯದಲ್ಲೇ ಈ ಹಡಗು ತೇಲುತ್ತಿರುತ್ತದೆ. ಕೆಲವು ವರ್ಷಗಳ ಹಿಂದೆ ಹಾಗೆ ಬರೆದು ಹೋದವನೊಬ್ಬ, ಅಮೆರಿಕದ ವಿಶ್ವವಿದ್ಯಾಲಯವೊಂದರಲ್ಲಿ ಸೇರಿ ಎಂಟು ತಿಂಗಳಾದ ಮೇಲೆ, ನನಗೊಂದು ಇ-ಮೇಲ್ ಕಳಿಸಿದ: “ಸರ್, ಚಂದ್ರಶೇಖರರಿಗೆ ಇಲ್ಲಿಗೆ ಮುಟ್ಟುವ ಮೊದಲೇ ಹೊಳೆದಿತ್ತು. ನನಗೆ ಬಂದು ಇಷ್ಟು ದಿನವಾದರೂ ಏನೂ ಹೊಳೆಯುತ್ತಿಲ್ಲ. ನಾನು ಇಲ್ಲಿಗೆ ಬರಬೇಕಾದವನಲ್ಲ ಅನ್ನಿಸುತ್ತಿದೆ. ವಾಪಸು ಬಂದುಬಿಡಲೇ?”

ತರಗತಿಯಲ್ಲಿ ಚೆನ್ನಾಗಿ ಓದುತ್ತಿದ್ದ ಹುಡುಗ. ಅವನಿಗೆ ಉತ್ತರ ಬರೆಯುವ ಮೊದಲು ನಾನು ಕಪಾಟಿನಿಂದ ಎರಡು ಪುಸ್ತಕಗಳನ್ನು ತೆಗೆದು ಮತ್ತೆ ಓದಬೇಕಾಯಿತು. ಒಂದು, ಕಾಮೇಶ್ವರ ವಾಲಿಯವರು ಬರೆದ ‘ಚಂದ್ರ’ (1991). ಇನ್ನೊಂದು, ಆರ್ಥರ್ ಮಿಲ್ಲರ್ ಬರೆದ ‘ಎಂಪೈರ್ ಆಫ್ ದ ಸ್ಟಾರ್ಸ್’ (2005). ಇವೆರಡರ ಜೊತೆಗೆ ನಮ್ಮ ಭಾಷಣ, ಲೇಖನಗಳಲ್ಲಿ ಬರುವ ಹಡಗಿನ ಕಥೆಯನ್ನೂ ಇಟ್ಟುಕೊಂಡು, ವಿದೇಶದಲ್ಲಿ ಓದುವುದೆಂದರೆ ಏನು ಎಂಬುದನ್ನು ಯಾವುದು ನಿಜವಾಗಿ ಹೇಳುತ್ತದೆ ಎಂದು ನೋಡೋಣ.

ಮೊದಲು ಹಡಗು. ಆ ತರುಣ ಅಲ್ಲಿ ಮಾಡಿದ ಲೆಕ್ಕವಾದರೂ ಯಾವುದು? ಇಂಧನ ತೀರಿದ ನಕ್ಷತ್ರ ತನ್ನದೇ ಗುರುತ್ವದಿಂದ ಕುಗ್ಗುತ್ತದೆ. ಕುಗ್ಗಿದಂತೆ ಒಳಗಿನ ಎಲೆಕ್ಟ್ರಾನುಗಳು ಒತ್ತೊತ್ತಾಗುತ್ತವೆ. ಎರಡು ಎಲೆಕ್ಟ್ರಾನುಗಳು ಒಂದೇ ಸ್ಥಿತಿಯಲ್ಲಿರಲಾರವು ಎಂಬ ಪೌಲಿ ನಿಯಮದಿಂದಾಗಿ, ಉಷ್ಣತೆಯ ಹಂಗಿಲ್ಲದೆಯೇ ಅವು ಒಂದು ಒತ್ತಡವನ್ನು ಒಡ್ಡುತ್ತವೆ. ಶ್ವೇತಕುಬ್ಜಗಳನ್ನು ಈ ಒತ್ತಡವೇ ಎತ್ತಿಹಿಡಿದಿದೆ ಎಂದು 1926ರಲ್ಲಿ ತೋರಿಸಿದವರು ಕೇಂಬ್ರಿಜ್‌ನ ರಾಲ್ಫ್ ಫೌಲರ್. (ಚಂದ್ರಶೇಖರರೊಂದಿಗೆ ನೊಬೆಲ್ ಹಂಚಿಕೊಂಡ ವಿಲಿಯಂ ಫೌಲರ್ ಬೇರೆ. ನಮ್ಮ ಲೇಖನಗಳಲ್ಲಿ ಇಬ್ಬರೂ ಆಗಾಗ ಒಬ್ಬರೇ ಆಗಿಬಿಡುತ್ತಾರೆ!) ಫೌಲರರ ಲೆಕ್ಕದಲ್ಲಿ ಒತ್ತಡ ಸಾಂದ್ರತೆಯ 5/3ನೇ ಘಾತದಂತೆ ಏರುತ್ತದೆ. ಅಂಥ ನಕ್ಷತ್ರದ ಕೇಂದ್ರದ ಸಾಂದ್ರತೆ ಸರಾಸರಿ ಸಾಂದ್ರತೆಯ ಸುಮಾರು ಆರು ಪಟ್ಟು. ಅಷ್ಟು ಸಾಂದ್ರತೆಯಲ್ಲಿ ಎಲೆಕ್ಟ್ರಾನುಗಳ ವೇಗ ಬೆಳಕಿನ ವೇಗಕ್ಕೆ ಸಮೀಪಿಸುತ್ತದೆ. ಹಾಗಾದರೆ ಸಾಪೇಕ್ಷತಾ ಸಿದ್ಧಾಂತವನ್ನು ಬಿಟ್ಟರೆ ಹೇಗೆ? ಅದನ್ನು ಸೇರಿಸಿದೊಡನೆ 5/3 ಹೋಗಿ 4/3 ಬರುತ್ತದೆ. ಆ ಘಾತಕ್ಕೆ ಸಮತೋಲದಲ್ಲಿ ನಿಲ್ಲಬಲ್ಲ ದ್ರವ್ಯರಾಶಿ ಒಂದೇ ಒಂದು. ಕೇಂದ್ರದ ಸಾಂದ್ರತೆ ಎಷ್ಟೇ ಇರಲಿ, ಅದು ಬದಲಾಗದು. ಅದೇ ಮಿತಿ.

ಹೇಳುವುದಕ್ಕೆ ನಾಲ್ಕು ಸಾಲು. ಹಡಗಿನ ಕಥೆ ಕೇಳಿದವರು ಇದನ್ನು ಸಮುದ್ರದ ಗಾಳಿಗೆ ಬಂದ ಸ್ಫೂರ್ತಿ ಎಂದುಕೊಳ್ಳುತ್ತಾರೆ. ಆದರೆ ಈ ನಾಲ್ಕು ಸಾಲಿಗೆ ಏನೇನು ಗೊತ್ತಿರಬೇಕಾಯಿತು, ನೋಡಿ: ಫೌಲರರ ಪ್ರಬಂಧ, ಎಡಿಂಗ್ಟನ್ 1926ರಲ್ಲಿ ಪ್ರಕಟಿಸಿದ ನಕ್ಷತ್ರಗಳ ಒಳರಚನೆಯ ಮೇಲಿನ ಗ್ರಂಥ, ಪಾಲಿಟ್ರೋಪ್ ಎಂಬ ಮಾದರಿಗಳ ಗಣಿತ, ಮತ್ತು ಫರ್ಮಿ-ಡಿರಾಕ್ ಸಂಖ್ಯಾಕಲನ. ಈ ಕೊನೆಯದಂತೂ ಆಗ ಯುರೋಪಿಗೇ ಹೊಸದು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ವಿದ್ಯಾರ್ಥಿಗೆ ಅದು ಸಿಕ್ಕಿದ್ದು ಹೇಗೆ? 1928ರಲ್ಲಿ ಆರ್ನಾಲ್ಡ್ ಸೋಮರ್‌ಫೆಲ್ಡ್ ಮದರಾಸಿಗೆ ಬಂದಾಗ ಹುಡುಗ ತಾನಾಗಿ ಹೋಗಿ ಅವರನ್ನು ಕಂಡ. ಅವರ ಪುಸ್ತಕವನ್ನು ಪೂರ್ತಿ ಓದಿದ್ದೇನೆ ಎಂದ. ಅದಾದ ಮೇಲೆ ಭೌತವಿಜ್ಞಾನವೇ ಬದಲಾಗಿದೆ ಎಂದು ಸೋಮರ್‌ಫೆಲ್ಡ್ ತಿಳಿಸಿದರು. ಲೋಹಗಳಲ್ಲಿನ ಎಲೆಕ್ಟ್ರಾನುಗಳ ಬಗ್ಗೆ ತಾವು ಬರೆದಿದ್ದ, ಇನ್ನೂ ಅಚ್ಚಾಗಬೇಕಿದ್ದ ಪ್ರಬಂಧದ ಕರಡಚ್ಚನ್ನು ಕೊಟ್ಟರು. ಅದನ್ನು ಓದಿ ಅರಗಿಸಿಕೊಂಡ ಹುಡುಗ ಸ್ವಂತ ಪ್ರಬಂಧವೊಂದನ್ನು ಬರೆದು, ಮುಖಪರಿಚಯವೇ ಇಲ್ಲದ ಫೌಲರರಿಗೆ ಅಂಚೆಯಲ್ಲಿ ಕಳಿಸಿದ. ಅದು 1929ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಟ್ರಿನಿಟಿ ಕಾಲೇಜಿನಲ್ಲಿ ತಮಗೆ ಪ್ರವೇಶ ದೊರೆತದ್ದೂ ಫೌಲರರಿಂದಲೇ ಎಂದು ಚಂದ್ರಶೇಖರರು ನೊಬೆಲ್ ಸಂದರ್ಭದ ಆತ್ಮಪರಿಚಯದಲ್ಲಿ ಬರೆದಿದ್ದಾರೆ. ಎಂದರೆ, ಹಡಗು ಹತ್ತುವ ಹೊತ್ತಿಗೆ ಆ ವಿದ್ಯಾರ್ಥಿಯ ವಿದೇಶ ವ್ಯಾಸಂಗ ಆರಂಭವಾಗಿ ಎರಡು ವರ್ಷವಾಗಿತ್ತು!

ಈ ಮನೆತನಕ್ಕೂ ಹಡಗಿಗೂ ಏನೋ ನಂಟು. ಚಿಕ್ಕಪ್ಪ ಸಿ.ವಿ. ರಾಮನ್ 1921ರಲ್ಲಿ ಯುರೋಪಿನಿಂದ ಮರಳುವಾಗ ಮೆಡಿಟರೇನಿಯನ್ ಸಮುದ್ರದ ನೀಲಿಯನ್ನು ಕಂಡರು, ರಾಮನ್ ಪರಿಣಾಮ ದೊರೆಯಿತು ಎಂದೂ ನಾವು ಹೇಳುತ್ತೇವೆ. ಆ ನೀಲಿಗೂ 1928ರ ಫೆಬ್ರವರಿ 28ಕ್ಕೂ ನಡುವೆ ಕಲ್ಕತ್ತದಲ್ಲಿ ಏಳು ವರ್ಷಗಳ ಪ್ರಯೋಗಗಳಿದ್ದವು. ಅವನ್ನು ಹೇಳಲು ನಮಗೆ ಪುರುಸೊತ್ತಿಲ್ಲ.

ಹಡಗಿನ ಕಥೆಯ ಎರಡನೆಯ ದೋಷ, ಅದರಲ್ಲಿ ಬೇರೆ ಯಾರೂ ಇಲ್ಲದಿರುವುದು. ಸಾಪೇಕ್ಷತೆಯನ್ನು ಸೇರಿಸಬೇಕೆಂದು ಎಸ್ಟೋನಿಯದ ವಿಲ್ಹೆಲ್ಮ್ ಆಂಡರ್ಸನ್ 1929ರಲ್ಲೇ ಹೇಳಿದ್ದರು. ಲೀಡ್ಸ್‌ನ ಎಡ್ಮಂಡ್ ಸ್ಟೋನರ್ 1930ರಲ್ಲಿ, ಸಾಂದ್ರತೆ ಎಲ್ಲೆಡೆ ಒಂದೇ ಎಂದು ಇಟ್ಟುಕೊಂಡು, ಇಂಥದೇ ಒಂದು ಮಿತಿಯನ್ನು ಲೆಕ್ಕಹಾಕಿ ಪ್ರಕಟಿಸಿದ್ದರು. ಚಂದ್ರಶೇಖರರ ಹಿರಿಮೆ ಇದರಿಂದ ಕಡಿಮೆಯಾಗುವುದಿಲ್ಲ. ನಕ್ಷತ್ರದ ಒಳಗೆ ಸಾಂದ್ರತೆ ನಿಜವಾಗಿ ಬದಲಾಗುವ ಬಗೆಯನ್ನು ಲೆಕ್ಕಕ್ಕೆ ತಂದವರು ಅವರೇ. ಆದರೆ ಸ್ಟೋನರ್ ಹೆಸರನ್ನು ನಾನು ನನ್ನ ವಿದ್ಯಾರ್ಥಿಗಳಿಗೆ ಒಮ್ಮೆಯೂ ಹೇಳಿರಲಿಲ್ಲ. ಒಂದು ಪ್ರಶ್ನೆಯ ಮೇಲೆ ಏಕಕಾಲದಲ್ಲಿ ಮೂರು ಊರುಗಳಲ್ಲಿ ಕೆಲಸ ನಡೆದಿರುತ್ತದೆ ಎಂಬುದು ಸಂಶೋಧನೆಗೆ ಹೊರಟವನಿಗೆ ಮೊದಲೇ ತಿಳಿದಿರಬೇಕಾದ ಸಂಗತಿ. ತಿಳಿಯದೆ ಹೋದವನಿಗೆ, ತನ್ನ ವಿಚಾರ ಬೇರೊಬ್ಬರ ಪ್ರಬಂಧದಲ್ಲಿ ಆಗಲೇ ಅಚ್ಚಾಗಿರುವುದನ್ನು ಕಂಡ ದಿನ ಕಾಲ ಕೆಳಗಿನ ನೆಲವೇ ಕುಸಿದಂತಾಗುತ್ತದೆ.

ಮೂರನೆಯದು ಆ ಸಂಖ್ಯೆ. ಹಡಗಿನಲ್ಲಿ 1.44 ದೊರೆಯಿತು ಎಂದು ಬರೆದ ಲೇಖನಗಳನ್ನು ನಾನು ಓದಿದ್ದೇನೆ. 1931ರಲ್ಲಿ ‘ಅಸ್ಟ್ರೋಫಿಸಿಕಲ್ ಜರ್ನಲ್’ನಲ್ಲಿ ಅಚ್ಚಾದ ಪುಟ್ಟ ಪ್ರಬಂಧದಲ್ಲಿರುವುದು 0.91 ಸೂರ್ಯರಾಶಿ. ಎಲೆಕ್ಟ್ರಾನ್ ಒಂದಕ್ಕೆ ಬರುವ ಸರಾಸರಿ ಅಣುತೂಕ 2.5 ಎಂಬುದು ಅವರು ಬಳಸಿದ ಅಂದಾಜು. ಇಂದು ನಾವು ಹೀಲಿಯಂ, ಕಾರ್ಬನ್, ಆಕ್ಸಿಜನ್‌ಗಳ ಶ್ವೇತಕುಬ್ಜಕ್ಕೆ 2 ಎಂದು ಇಡುತ್ತೇವೆ. ಮಿತಿ ಈ ಅಂಕಿಯ ವರ್ಗಕ್ಕೆ ವಿಲೋಮವಾಗಿರುವುದರಿಂದ 0.91ನ್ನು 2.5/2ರ ವರ್ಗದಿಂದ, ಅಂದರೆ 1.56ರಿಂದ, ಗುಣಿಸಿ ನೋಡಿ. 1.42 ಬರುತ್ತದೆ. ಪದವಿ ತರಗತಿಯಲ್ಲಿ ಐದು ನಿಮಿಷದಲ್ಲಿ ಮಾಡಿಸಬಹುದಾದ ಈ ಲೆಕ್ಕವನ್ನು ಮಾಡಿಸಿದರೆ, ಒಂದು ಫಲಿತಾಂಶದಲ್ಲಿ ಯಾವುದು ಉಳಿಯುತ್ತದೆ, ಯಾವುದು ಮುಂದೆ ತಿದ್ದುಪಡಿಯಾಗುತ್ತದೆ ಎಂಬುದು ವಿದ್ಯಾರ್ಥಿಗೆ ತಾನಾಗಿ ಕಾಣುತ್ತದೆ.

ಇನ್ನು ಪುಸ್ತಕಗಳು. ಮಿಲ್ಲರ್ ಅವರ ಗ್ರಂಥ ಕಾದಂಬರಿಯಂತೆ ಓದಿಸಿಕೊಳ್ಳುತ್ತದೆ. ಅದರ ಕೇಂದ್ರ, 1935ರ ಜನವರಿ 11ರಂದು ಲಂಡನ್ನಿನ ರಾಯಲ್ ಅಸ್ಟ್ರಾನಾಮಿಕಲ್ ಸೊಸೈಟಿಯಲ್ಲಿ ನಡೆದ ಸಭೆ. ಚಂದ್ರಶೇಖರರು ತಮ್ಮ ಸಿದ್ಧಾಂತವನ್ನು ಮಂಡಿಸಿ ಕುಳಿತ ಮೇಲೆ ಎಡಿಂಗ್ಟನ್ ಎದ್ದು, ಅದರ ತಳಹದಿಯೇ ತಪ್ಪು ಎಂದು ಗೇಲಿ ಮಾಡಿದ ಸಂಜೆ ಅದು. ಈ ಒಂದು ಸಂಜೆಯಿಂದಾಗಿ ಕೃಷ್ಣವಿವರಗಳ ಅಧ್ಯಯನ ದಶಕಗಳಷ್ಟು ಹಿಂದೆ ಬಿತ್ತು ಎಂಬುದು ಮಿಲ್ಲರ್ ವಾದ. ಇದನ್ನು ಒಪ್ಪುವುದು ನನಗೆ ಕಷ್ಟ. 1932ರಲ್ಲಿ ಸೋವಿಯತ್ ಒಕ್ಕೂಟದ ಲೆವ್ ಲಾಂಡೌ ಸ್ವತಂತ್ರವಾಗಿ ಇದೇ ಮಿತಿಯನ್ನು ತಲಪಿದ್ದರು. ಅವರನ್ನು ಗೇಲಿ ಮಾಡಲು ಯಾವ ಎಡಿಂಗ್ಟನ್ನೂ ಅಲ್ಲಿರಲಿಲ್ಲ. ಆದರೂ ಭಾರದ ನಕ್ಷತ್ರ ಕುಸಿಯುತ್ತದೆ ಎನ್ನಲು ಅವರು ಹಿಂಜರಿದರು. ಅಂಥ ನಕ್ಷತ್ರಗಳ ಒಳಗೆ ಕ್ವಾಂಟಮ್ ನಿಯಮಗಳೇ ಮುರಿಯುತ್ತವೆ ಎಂದುಬಿಟ್ಟರು. 1939ರಲ್ಲಿ ಓಪನ್‌ಹೈಮರ್ ಮತ್ತು ಸ್ನೈಡರ್ ನಕ್ಷತ್ರದ ಕುಸಿತವನ್ನು ಸಮೀಕರಣಗಳಲ್ಲಿ ಬರೆದೇ ಬರೆದರು. ಆಗ ಯುದ್ಧ ಬಂತು. ಕ್ವೇಸಾರ್ ಏನೆಂದು ಗುರುತಾದದ್ದು 1963ರಲ್ಲಿ, ಪಲ್ಸಾರ್ ಕಂಡದ್ದು 1967ರಲ್ಲಿ. ನೋಡುವುದಕ್ಕೆ ಏನೂ ಇಲ್ಲದಾಗ ಸಿದ್ಧಾಂತ ಕಪಾಟಿನಲ್ಲೇ ಕುಳಿತಿರುತ್ತದೆ. ಒಬ್ಬ ಖಳನಾಯಕನ ಹೆಗಲಿಗೆ ಇಷ್ಟು ದಶಕಗಳನ್ನು ಹೊರಿಸುವುದು ಸಿನಿಮಾಕ್ಕೆ ಸರಿ, ಇತಿಹಾಸಕ್ಕಲ್ಲ.

ಅದಕ್ಕಿಂತ ಹೆಚ್ಚಾಗಿ, ವಿದೇಶಕ್ಕೆ ಹೊರಡುವ ವಿದ್ಯಾರ್ಥಿಗೆ ಮಿಲ್ಲರ್ ಕೊಡುವುದು ಹೆದರಿಕೆಯನ್ನು ಮಾತ್ರ: ಅಲ್ಲಿ ದೊಡ್ಡವನೊಬ್ಬ ನಿನ್ನನ್ನು ತುಳಿಯಲು ಕಾದಿದ್ದಾನೆ ಎಂದು. 1934ರಲ್ಲಿ ಚಂದ್ರಶೇಖರರು ತಮ್ಮ ಸಿದ್ಧಾಂತದ ಪೂರ್ಣ ಗಣನೆಗೆ ತೊಡಗಿದಾಗ ಲೆಕ್ಕದ ಯಂತ್ರವನ್ನು ದೊರಕಿಸಿಕೊಟ್ಟವರು ಅದೇ ಎಡಿಂಗ್ಟನ್. ಆಗಾಗ ಕೋಣೆಗೆ ಬಂದು ಕೆಲಸ ಎಲ್ಲಿಗೆ ಬಂತೆಂದು ವಿಚಾರಿಸುತ್ತಿದ್ದವರೂ ಅವರೇ. ಆ ಸಭೆಯ ಬಳಿಕವೂ ಇಬ್ಬರ ನಡುವೆ ಸ್ನೇಹ ಉಳಿಯಿತು. 1982ರಲ್ಲಿ ಎಡಿಂಗ್ಟನ್ ಜನ್ಮಶತಾಬ್ದಿಗೆ ಚಂದ್ರಶೇಖರರು ಕೊಟ್ಟ ಉಪನ್ಯಾಸಗಳು, ಅವರನ್ನು ತಮ್ಮ ಕಾಲದ ಅತ್ಯಂತ ಶ್ರೇಷ್ಠ ಖಭೌತವಿಜ್ಞಾನಿ ಎಂದು ಕರೆಯುವ ಶೀರ್ಷಿಕೆಯಲ್ಲೇ ಪುಸ್ತಕವಾದವು. ಇಷ್ಟು ತೊಡಕಿನ ಸಂಬಂಧವನ್ನು ‘ದ್ರೋಹ’ ಎಂಬ ಒಂದೇ ಪದದಲ್ಲಿ ಹಿಡಿಯಲಾಗದು. ಮಿಲ್ಲರರ ಉಪಶೀರ್ಷಿಕೆಯಲ್ಲಿ ಆ ಪದವಿದೆ.

ವಾಲಿಯವರ ಪುಸ್ತಕ ಬೇರೆ ಜಾತಿಯದು. ವಾಲಿಯವರು ನಮ್ಮ ಉತ್ತರ ಕರ್ನಾಟಕದ ಮೂಲದವರು; ವಿಸ್ಕಾನ್ಸಿನ್‌ನಲ್ಲಿ ಪಿಎಚ್.ಡಿ. ಮಾಡಿ ಸಿರಾಕ್ಯೂಸ್ ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನ ಕಲಿಸಿದವರು. ತಾನೂ ಒಮ್ಮೆ ಪರದೇಶದಲ್ಲಿ ವಿದ್ಯಾರ್ಥಿಯಾಗಿದ್ದವನ ಕಣ್ಣು ಅವರಿಗಿದೆ. ಚಂದ್ರಶೇಖರರೊಂದಿಗಿನ ದೀರ್ಘ ಸಂಭಾಷಣೆಗಳು ಮತ್ತು ಮನೆಗೆ ಬರೆದ ಕಾಗದಗಳು ಅವರ ಆಕರ. ಹಡಗಿನ ಕಥೆ ಸಂಪೂರ್ಣ ಬಿಟ್ಟುಬಿಟ್ಟ 1930ರಿಂದ 1933ರವರೆಗಿನ ಮೂರು ವರ್ಷಗಳು ದೊರೆಯುವುದು ಇಲ್ಲಿ. ನನ್ನ ವಿದ್ಯಾರ್ಥಿಗೆ ಬೇಕಾಗಿದ್ದುದು ಅವೇ.

ಏನಾಯಿತು ಆ ಮೂರು ವರ್ಷಗಳಲ್ಲಿ? ಹಡಗಿನಿಂದಿಳಿದ ವಿದ್ಯಾರ್ಥಿ ಎರಡು ಪ್ರಬಂಧಗಳನ್ನು ಫೌಲರರ ಕೈಗಿತ್ತ. ಮೊದಲನೆಯದನ್ನು ಅವರು ಮೆಚ್ಚಿದರು. ಮಿತಿಯ ವಿಷಯವಿದ್ದ ಎರಡನೆಯದು ಅವರಿಗೂ ಸ್ಪಷ್ಟವಾಗಲಿಲ್ಲ; ಮಿಲ್ನ್ ಎಂಬ ಇನ್ನೊಬ್ಬ ತಜ್ಞರಿಗೆ ಕಳಿಸಿದರು. ಅಲ್ಲಿಂದಲೂ ಉತ್ಸಾಹದ ಉತ್ತರವಿಲ್ಲ. ಕೊನೆಗೆ ವಿದ್ಯಾರ್ಥಿಯೇ ಅದನ್ನು ಅಮೆರಿಕದ ಪತ್ರಿಕೆಗೆ ಕಳಿಸಿಕೊಟ್ಟ. ಮಾರ್ಗದರ್ಶಕ ಫೌಲರ್ ಕೈಗೆ ಸಿಗುವುದೇ ಅಪರೂಪ. ಅವರು ರಜೆಯ ಮೇಲೆ ಹೋದಾಗ ಡಿರಾಕ್ ಆ ಸ್ಥಾನದಲ್ಲಿದ್ದರು, ಅವರಾದರೋ ಮಾತೇ ಆಡದ ಮನುಷ್ಯ. ಮದರಾಸಿನಲ್ಲಿ ಎಲ್ಲರಿಗಿಂತ ಮುಂದಿದ್ದವನಿಗೆ ಕೇಂಬ್ರಿಜ್‌ನಲ್ಲಿ ಎಲ್ಲಿ ತಿರುಗಿದರೂ ತನಗಿಂತ ದೊಡ್ಡವರು: ರುದರ್‌ಫರ್ಡ್, ಎಡಿಂಗ್ಟನ್, ಡಿರಾಕ್. ಇದರ ನಡುವೆ, 1931ರ ಮೇ ತಿಂಗಳಲ್ಲಿ ತಾಯಿ ತೀರಿಕೊಂಡ ಸುದ್ದಿ ಬಂತು. ಹೊರಡುವಾಗಲೇ ಆಕೆ ಕಾಯಿಲೆಯಲ್ಲಿದ್ದರು. ಹೋಗಲೇಬೇಕೆಂದು ಪಟ್ಟು ಹಿಡಿದವರೂ ಆಕೆಯೇ. ಮಗ ಹಿಂದಿರುಗುವಂತಿರಲಿಲ್ಲ. ಇದನ್ನು ವಾಲಿಯವರು ಆಡಂಬರವಿಲ್ಲದೆ ಹೇಳಿದ್ದಾರೆ. ಪುಸ್ತಕದ ಉತ್ತಮ ಭಾಗಗಳಲ್ಲಿ ಇದೂ ಒಂದು.

ಆ ಬೇಸಿಗೆಯಲ್ಲಿ ಆತ ಮ್ಯಾಕ್ಸ್ ಬಾರ್ನ್ ಇದ್ದ ಗಟಿಂಗೆನ್‌ಗೆ ಹೋದ. ಮಾಡುತ್ತಿರುವ ನಕ್ಷತ್ರಗಳ ಕೆಲಸ ನಿಜವಾದ ಭೌತವಿಜ್ಞಾನವೇ, ಇಲ್ಲ ಅಂಚಿನ ಕೆಲಸವೇ ಎಂಬ ಸಂಶಯ ಕಾಡುತ್ತಿತ್ತು. ಡಿರಾಕರ ಸಲಹೆಯಂತೆ ಮೂರನೆಯ ವರ್ಷವನ್ನು ಕೋಪನ್‌ಹೇಗನ್‌ನಲ್ಲಿ, ನೀಲ್ಸ್ ಬೋರ್ ಸಂಸ್ಥೆಯಲ್ಲಿ ಕಳೆದ. ಅಲ್ಲಿ ‘ಶುದ್ಧ’ ಭೌತವಿಜ್ಞಾನ ಮಾಡಬೇಕೆಂಬ ಹಂಬಲದಿಂದ ಕ್ವಾಂಟಮ್ ಸಂಖ್ಯಾಕಲನದಲ್ಲಿ ಡಿರಾಕ್ ಸೂಚಿಸಿದ ಸಮಸ್ಯೆಯೊಂದನ್ನು ಎತ್ತಿಕೊಂಡು ಬಿಡಿಸಿದ. ಬೋರ್ ಮತ್ತು ರೋಸೆನ್‌ಫೆಲ್ಡ್ ಸರಿಯಿದೆ ಎಂದರು. ಪ್ರಬಂಧ ರಾಯಲ್ ಸೊಸೈಟಿಗೆ ಹೋಯಿತು. ಆಗ ಡಿರಾಕ್ ಅದರಲ್ಲಿ ತಪ್ಪನ್ನು ಕಂಡರು. ಪ್ರಬಂಧವನ್ನು ಹಿಂದಕ್ಕೆ ಪಡೆಯಬೇಕಾಯಿತು.

ಈ ಘಟನೆಯನ್ನು ನಾನು ಯಾವ ತರಗತಿಯಲ್ಲೂ ಹೇಳಿರಲಿಲ್ಲ. ಯಾವ ಸ್ಮರಣ ಸಂಚಿಕೆಯಲ್ಲೂ ಓದಿದ ನೆನಪಿಲ್ಲ. ವಿದ್ಯಾರ್ಥಿವೇತನದ ಅವಧಿ ಮುಗಿಯುತ್ತ ಬಂದಿದೆ, ವರ್ಷದ ಕೆಲಸ ಕೈಬಿಟ್ಟು ಹೋಗಿದೆ. ಇನ್ನು ಪಿಎಚ್.ಡಿ. ಪ್ರಬಂಧ ಯಾವುದರ ಮೇಲೆ? ಶ್ವೇತಕುಬ್ಜಗಳ ಮಿತಿಯ ಮೇಲೆ ಎಂದು ನೀವು ಊಹಿಸಿದರೆ, ತಪ್ಪು. ತಿರುಗುವಿಕೆಯಿಂದ ಆಕಾರಗೆಟ್ಟ ಪಾಲಿಟ್ರೋಪ್‌ಗಳ ಸಮತೋಲದ ಮೇಲೆ ಬರೆದು, 1933ರ ಬೇಸಿಗೆಯಲ್ಲಿ ಪದವಿ ಪಡೆದರು. ಅಚ್ಚುಕಟ್ಟಾದ, ಸದ್ದುಗದ್ದಲವಿಲ್ಲದ ಕೆಲಸ. ಅದೇ ಅಕ್ಟೋಬರಿನಲ್ಲಿ ಟ್ರಿನಿಟಿಯ ಫೆಲೋ ಆಗಿ ಆಯ್ಕೆಯಾದದ್ದರಿಂದ ಇಂಗ್ಲೆಂಡಿನಲ್ಲಿ ಉಳಿಯುವಂತಾಯಿತು. ರಾಮಾನುಜನ್ 1918ರಲ್ಲಿ ಆಯ್ಕೆಯಾದ ಮೇಲೆ ಆ ಗೌರವ ಪಡೆದ ಮೊದಲ ಭಾರತೀಯರು ಇವರು. 1934ರಲ್ಲಿ ರಷ್ಯಕ್ಕೆ ಹೋಗಿದ್ದಾಗ ಅಂಬಾರ್ತ್ಸುಮಿಯನ್, ಮಿತಿಯ ಲೆಕ್ಕವನ್ನು ಅಂದಾಜುಗಳಿಲ್ಲದೆ ಪೂರ್ತಿಯಾಗಿ ಮಾಡಬಾರದೇಕೆ ಎಂದು ಕೇಳಿದರು. ಹಡಗಿನಲ್ಲಿ ಹೊಳೆದದ್ದು ಒಂದು ಸಿದ್ಧಾಂತವಾಗಿ ನಿಂತದ್ದು ಆಮೇಲೆ. ಲೆಕ್ಕ ಹಾಕಿ: ನಾಲ್ಕು ವರ್ಷಕ್ಕೂ ಮೇಲೆ.

ವಾಲಿಯವರ ಪುಸ್ತಕದಲ್ಲಿ ಕೊರತೆಗಳಿಲ್ಲವೆಂದಲ್ಲ. ನಾಯಕನ ಮೇಲಿನ ಗೌರವ ಕೆಲವೆಡೆ ವಿಮರ್ಶೆಯ ಕೈ ಕಟ್ಟಿಹಾಕಿದೆ. ನಾಲ್ಕೈದು ದಶಕಗಳ ಬಳಿಕ ಚಂದ್ರಶೇಖರರು ನೆನಪಿಸಿಕೊಂಡದ್ದನ್ನು ಬಹುಮಟ್ಟಿಗೆ ಇದ್ದಂತೆಯೇ ನಂಬಿ ಮುಂದುವರಿಯುತ್ತಾರೆ. ಎಡಿಂಗ್ಟನ್ ಯಾಕೆ ಹಾಗೆ ಯೋಚಿಸಿದರು ಎಂಬುದರ ಒಳಹೊಕ್ಕು ನೋಡುವುದು ಕಡಿಮೆ. ಸಮೀಕರಣ ನೋಡಬಯಸುವ ವಿದ್ಯಾರ್ಥಿಗೆ ಹಸಿವು ಉಳಿಯುತ್ತದೆ. ಆದರೂ ಎರಡರಲ್ಲಿ ಒಂದನ್ನು ಮಾತ್ರ ಕಾಲೇಜು ಗ್ರಂಥಾಲಯಕ್ಕೆ ತರಿಸಬಹುದೆಂದರೆ, ನಾನು ಇದನ್ನೇ ತರಿಸಿ ಎನ್ನುತ್ತೇನೆ. ಕಾಗದಗಳು ಸುಳ್ಳು ಹೇಳುವುದು ಕಡಿಮೆ. ಅಪ್ಪನಿಗೆ ಬರೆಯುವ ಮಗ ಎಲ್ಲವನ್ನೂ ಹೇಳುವುದಿಲ್ಲ ನಿಜ, ಆದರೆ ಯಾವುದನ್ನು ಹೇಳದೆ ಬಿಟ್ಟಿದ್ದಾನೆ ಎಂಬುದು ಮಕ್ಕಳನ್ನು ದೂರಕ್ಕೆ ಕಳಿಸಿದವರಿಗೆ ಓದಿದ ಕೂಡಲೇ ಗೊತ್ತಾಗುತ್ತದೆ.

ಆಗಿನ ಕೇಂಬ್ರಿಜ್‌ಗೂ ಈಗಿನ ಅಮೆರಿಕಕ್ಕೂ ಹೋಲಿಕೆ ಎಲ್ಲಿಯದು ಎಂದು ನೀವು ಕೇಳಬಹುದು. ಈಗ ಮೊದಲೆರಡು ವರ್ಷ ಪಾಠಗಳಿವೆ, ಕ್ವಾಲಿಫೈಯಿಂಗ್ ಪರೀಕ್ಷೆಯಿದೆ, ದಿನವೂ ವಿಡಿಯೋದಲ್ಲಿ ಅಮ್ಮನ ಮುಖ ಕಾಣುತ್ತದೆ. ಅನುಕೂಲಗಳು ಹೆಚ್ಚಿವೆ, ಸಾಲವೂ ಹೆಚ್ಚಿದೆ. ಭಾರತ ಸರ್ಕಾರದ ವಿದ್ಯಾರ್ಥಿವೇತನದಲ್ಲಿ ಹೋದವರ ಮನೆಯ ಮೇಲೆ ಬ್ಯಾಂಕಿನ ಕಣ್ಣಿರಲಿಲ್ಲ. ಈ ವ್ಯತ್ಯಾಸಗಳನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ತನ್ನ ಊರಿನಲ್ಲಿ ಮೊದಲನೆಯವನಾಗಿದ್ದವನು ಅಲ್ಲಿ ಹಲವರಲ್ಲಿ ಒಬ್ಬನಾಗುವುದು, ಮಾರ್ಗದರ್ಶಕನ ಬಾಗಿಲ ಮುಂದೆ ನಿಂತು ತಟ್ಟಲೋ ಬೇಡವೋ ಎಂದು ಯೋಚಿಸುವುದು, ವರ್ಷದ ಕೆಲಸದಲ್ಲಿ ತಪ್ಪು ಸಿಕ್ಕಿಬೀಳುವುದು ಇವು ಹಾಗೆಯೇ ಇವೆ.

ನನ್ನ ವಿದ್ಯಾರ್ಥಿಗೆ ಕೋಪನ್‌ಹೇಗನ್‌ನ ಪ್ರಸಂಗವನ್ನು ಬರೆದು ಕಳಿಸಿದೆ. ಹಡಗಿನ ಕಥೆಯನ್ನು ಅರ್ಧಕ್ಕೇ ನಿಲ್ಲಿಸಿ ಹೇಳಿದ್ದು ನನ್ನದೇ ತಪ್ಪು ಎಂದೂ ಬರೆದೆ. ಎರಡು ದಿನ ಬಿಟ್ಟು ಉತ್ತರ ಬಂತು: “ಆ ತಪ್ಪು ಎಲ್ಲಿತ್ತು ಸರ್? ಡಿರಾಕ್ ಕಂಡದ್ದು ಯಾವ ಹೆಜ್ಜೆಯಲ್ಲಿ?” ವಾಪಸು ಬರುವ ಮಾತು ಅದರಲ್ಲಿರಲಿಲ್ಲ. ಕ್ವಾಲಿಫೈಯಿಂಗ್ ಪರೀಕ್ಷೆ ಮೊದಲ ಸಲ ಕೈಕೊಟ್ಟು ಎರಡನೆಯ ಸಲ ಆಯಿತು. ಈಗ ಅಲ್ಲೇ ಇದ್ದಾನೆ, ಘನಸ್ಥಿತಿ ಭೌತವಿಜ್ಞಾನದಲ್ಲಿ.

ವಾಲಿಯವರ ಪುಸ್ತಕ ಸದ್ಯ ನನ್ನ ಬಳಿ ಇಲ್ಲ. ಕಳೆದ ಡಿಸೆಂಬರಿನಲ್ಲಿ ಎಸ್.ಓ.ಪಿ. ತಿದ್ದಿಸಿಕೊಳ್ಳಲು ಬಂದ ಹುಡುಗಿಯೊಬ್ಬಳು, ಒಂದು ವಾರ ಸಾಕು ಸರ್ ಎಂದು ತೆಗೆದುಕೊಂಡು ಹೋದವಳು ಇನ್ನೂ ಹಿಂದಿರುಗಿಸಿಲ್ಲ.